ಗೌಡ್ರ ಮಡಚೋ ದೊಣ್ಣೆ ಮತ್ತು ಆಯುಧ ಕಾಯ್ದೆ

ಸಕಲೇಶಪುರ, ಆಲೂರು ಕಡೆ ವಕೀಲಿಕೆ ಮಾಡಿದವರು ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ, ಆಫೀಸಿನ ಬಾಗಿಲು ತೆಗೆದು ಕೂತರೆ ಸಾಕು. ಆನೆ ಬಂದು ಬಾಳೆಯೆಲ್ಲ ತಿಂದು ಹೋಯ್ತು, ಅದಕ್ಕೊಂದು ನೋಟಿಸ್ ಕಳಿಸಿ ಅಂತ ಒಬ್ಬರು ಬಂದಿದ್ದರು. ಪಕ್ಕದ ತೋಟದ ಹಲಸಿನ ಮರ ಬೇಕಂತಲೇ ನಮ್ಮ ಬೇಲಿ ಕಡೆ ಬಾಗಿದೆ, ತಡೆಯಾಜ್ಞೆ ತನ್ನಿ ಅಂತ ಇನ್ನೊಬ್ಬರು. ಇವರ್ಯಾರೂ ತಮಾಷೆಗೆ ಬಂದವರಲ್ಲ, ಹಾಗಾಗಿ ನಾನೂ ನಗುವ ಹಾಗಿಲ್ಲ. ನಗು ತಡೆದು ತಡೆದೇ ನನಗೆ ಗ್ಯಾಸ್ಟ್ರಿಕ್ ಬಂದದ್ದು ಅಂತ ನಮ್ಮ ಮನೆಯವಳ ಅಭಿಪ್ರಾಯ. ಆ ಕಾಯಿಲೆ ಜೋರಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಒಂದು ದೊಣ್ಣೆ ಕೇಸಿನಿಂದ.

ಜೇಬಿನಿಂದ ಬಂದದ್ದು

ಆನೇಮಹಲ್ ಆಚೆ ತೋಟ ಇದ್ದ ಗೌಡರೊಬ್ಬರು ನನ್ನ ಹಳೆಯ ಕಕ್ಷಿದಾರರು. ಆಳು ಎತ್ತರ, ಮೀಸೆ ದಪ್ಪ, ಸ್ವಭಾವ ಮಾತ್ರ ಹಸುವಿನದು. ಸುಳ್ಳು ಹೇಳೋಕೆ ಬರುತ್ತಿರಲಿಲ್ಲ. ವಕೀಲನಿಗೆ ಇದಕ್ಕಿಂತ ಕಷ್ಟದ ಕಕ್ಷಿದಾರ ಸಿಕ್ಕೋದಿಲ್ಲ.

ಒಂದು ದಿನ ಬಂದು ಎದುರಿಗೆ ಕೂತವರು ಪ್ಯಾಂಟಿನ ಜೇಬಿನಿಂದ ಗೇಣುದ್ದದ ಒಂದು ಕರಿ ಹಿಡಿ ತೆಗೆದರು. ಟಾರ್ಚ್ ಇರಬೇಕು ಅಂದುಕೊಂಡೆ. ಅವರು ಅದನ್ನು ಒಮ್ಮೆ ಝಾಡಿಸಿದರು. ಒಳಗಿಂದ ಉಕ್ಕಿನ ಸರಳು ಒಂದರೊಳಗಿಂದ ಒಂದು ಹೊರಬಂದು ದೊಣ್ಣೆಯಾಯಿತು. ಜೊತೆಗೆ ನನ್ನ ಕಾನೂನು ಪುಸ್ತಕದ ಬೀರುವಿನ ಗಾಜೂ ಹೋಯಿತು. ನನ್ನ ಗುಮಾಸ್ತ ಅಷ್ಟು ಹೊತ್ತಿಗೆ ಮೇಜಿನ ಕೆಳಗಿದ್ದ.

ವಿಷಯ ಏನು ಅಂದರೆ, ಪಕ್ಕದ ತೋಟ ಗೌಡರ ದಾಯಾದಿ ತಮ್ಮನದು. ಇಬ್ಬರಿಗೂ ಪಂಪಿನ ಮನೆಗೆ ಹೋಗೋ ದಾರಿ ಬಗ್ಗೆ ಜಗಳ. ಆ ತಮ್ಮ ಬಾಳ್ಳುಪೇಟೆಯ ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ, ಸಿಕ್ಕಲಿ ಅವನು, ನೋಡ್ಕತೀನಿ ಅಂದಿದ್ದನಂತೆ. ಗೌಡರಿಗೆ ಊಟ ಸೇರದಾಯಿತು. ದುಬೈಯಲ್ಲಿದ್ದ ಅವರ ಭಾವಮೈದ ರಜಕ್ಕೆ ಬಂದಾಗ, ಭಾವನ ಪ್ರಾಣಕ್ಕೆ ಇರಲಿ ಅಂತ ಇದನ್ನು ತಂದುಕೊಟ್ಟಿದ್ದ. ಇದನ್ನು ಜೇಬಲ್ಲಿಟ್ಟುಕೊಂಡು ತಿರುಗಿದರೆ ತಪ್ಪಾ, ಅಂತ ಗೌಡರ ಪ್ರಶ್ನೆ.

ನಾನು ಗಾಜಿನ ಚೂರು ಕೊಡವಿ ಆಯುಧ ಕಾಯ್ದೆ ತೆಗೆದೆ. ಬಂದೂಕಕ್ಕೆ ಲೈಸೆನ್ಸ್ ಬೇಕು. ಬೇಸಾಯದ ಲಾಠಿ, ಊರಿಕೊಂಡು ನಡೆಯೋ ಸಾಧಾರಣ ಕೋಲು, ಇವು ಆಯುಧವೇ ಅಲ್ಲ ಅಂತ ಅದರಲ್ಲೇ ಬರೆದಿದೆ. ಬಿಚ್ಚಿದರೆ ಕೋಲು, ಮಡಚಿದರೆ ಟಾರ್ಚು ಅನ್ನೋ ಈ ಪದಾರ್ಥದ ಬಗ್ಗೆ ಕಾಯ್ದೆ ಬರೆದವರು ಯೋಚನೆ ಮಾಡಿರಲಿಲ್ಲ. ಸುಮ್ಮನೆ ಯಾಕೆ ತೊಂದರೆ, ಮನೆಯಲ್ಲಿಡಿ, ಅಷ್ಟೂ ಭಯವಿದ್ದರೆ ಒಂದು ಬಿದಿರಿನ ದೊಣ್ಣೆ ಹಿಡಿದು ಓಡಾಡಿ ಅಂದೆ.

ಗೌಡರು ದೊಣ್ಣೆ ಮಡಚಿ ಮತ್ತೆ ಜೇಬಿಗೆ ಹಾಕಿಕೊಂಡರು.

"ಬಿದಿರಿನ ದೊಣ್ಣೆ ಹಿಡ್ಕಂಡೋದ್ರೆ ನಾನು ಹೆದ್ರಿದೀನಿ ಅಂತ ಅವ್ನಿಗೆ ಗೊತ್ತಾಗ್ಬುಡ್ತದೆ ಕಣ್ರೀ."

ಬಸ್ಸಿನಲ್ಲಿ ಅಪಾಯದ ಮನುಷ್ಯ

ಅದಾಗಿ ಸ್ವಲ್ಪ ದಿನಕ್ಕೆ ನಾನು ಬಾಳ್ಳುಪೇಟೆಯಲ್ಲಿ ಬಸ್ ಹತ್ತಿದೆ. ಕಾಫಿ ಕುಯ್ಲಿನ ಕಾಲ. ಬಸ್ಸಿನ ತುಂಬ ತೋಟದ ಆಳುಗಳು, ಹೆಚ್ಚಿನವರ ಸೊಂಟದಲ್ಲಿ ಮಚ್ಚು. ನಮ್ಮ ಕಡೆ ಮಚ್ಚು ಅಂದರೆ ಬೇರೆ ಕಡೆ ಜನ ಕನ್ನಡಕ ಹಾಕಿಕೊಂಡ ಹಾಗೆ, ಯಾರೂ ತಿರುಗಿ ನೋಡೋದಿಲ್ಲ. ಮುಂದಿನ ಸೀಟಿನಲ್ಲಿ ಗೌಡರು, ಅವರ ಪಕ್ಕ ಮಚ್ಚು ಸಿಕ್ಕಿಸಿಕೊಂಡ ಒಬ್ಬ ಮುದುಕ.

ಜೇಬಿನಲ್ಲಿದ್ದ ಹಿಡಿ ತೊಡೆಗೆ ಒತ್ತಿತು ಅಂತ ಕಾಣುತ್ತದೆ, ಗೌಡರು ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅದೇ ಹೊತ್ತಿಗೆ ಬಸ್ಸು ಗುಂಡಿಗೆ ಇಳಿಯಿತು, ಗೌಡರ ಕೈ ಮೇಲಕ್ಕೆ ಹಾರಿತು, ದೊಣ್ಣೆ ಪೂರ್ತಿ ಬಿಚ್ಚಿಕೊಂಡು ಗಂಟೆಯ ಹಗ್ಗಕ್ಕೆ ಬಡಿಯಿತು. ಗಂಟೆ ಹೊಡೆದದ್ದೇ ಡ್ರೈವರು ನಿಲ್ಲಿಸಿಬಿಟ್ಟ.

ಕಂಡಕ್ಟರು ಬಂದು ಇದೇನು ಅಂತ ಕೇಳಿದ. ಛತ್ರಿ ಕೋಲು ಅಂದಿದ್ದರೆ ಮುಗಿದು ಹೋಗುತ್ತಿತ್ತು. ಗೌಡರು, ಆತ್ಮರಕ್ಷಣೆಗೆ ಇಟ್ಕೊಂಡಿರೋದು ಅಂದರು. ಯಾರಿಂದ ಅಂತ ಅವನು ಕೇಳಿದ. ಅದನ್ನ ಹೇಳೋ ಹಾಗಿಲ್ಲ, ಕುಟುಂಬದ ವಿಷಯ ಅಂದರು.

ಬಸ್ಸಿನಲ್ಲಿ ಗುಜುಗುಜು ಶುರುವಾಯಿತು. ಮಚ್ಚಿನವರೆಲ್ಲ ಒಬ್ಬರಿಗೊಬ್ಬರು ಒತ್ತಿಕೊಂಡು ಹಿಂದಕ್ಕೆ ಸರಿದರು. ಇಂಥದ್ದೆಲ್ಲ ಬಸ್ಸಲ್ಲಿ ತರಂಗಿಲ್ಲ, ಇಳೀರಿ ಅಂತ ಕಂಡಕ್ಟರು ಹೇಳಿಬಿಟ್ಟ. ನಾನು ಕಾಯ್ದೆಯಲ್ಲಿ ಏನಿದೆ ಅಂತ ಎದ್ದು ವಿವರಿಸೋಕೆ ಹೋದೆ. ನೀವೂ ಅವ್ರ ಜೊತೆಯವ್ರಾ ಅಂತ ಕೇಳಿದ. ಪಾಪ, ಗೌಡರು ಇಳಿದು ರಸ್ತೆ ಬದಿ ನಿಂತರು. ಪಕ್ಕದ ಮುದುಕ ಸೊಂಟದ ಮಚ್ಚು ಸರಿಮಾಡಿಕೊಂಡು ಕಾಲು ಚಾಚಿ ಕೂತ.

"ಇಂತೋರ್ನೆಲ್ಲ ಹತ್ತಿಸ್ಕಂಡ್ರೆ ನಮ್ಮಂತೋರು ಹೆಂಗಪ್ಪ ಓಡಾಡದು?"

ಠಾಣೆಗೆ ಶರಣು

ಆ ಕುಯ್ಲು ಮುಗಿಯೋ ಮೊದಲೇ ಚುನಾವಣೆ ಬಂತು. ಚುನಾವಣೆ ಬಂತು ಅಂದರೆ ನಮ್ಮ ಕಡೆ ತೋಟದವರೆಲ್ಲ ಬಂದೂಕ ಹೊತ್ತು ಠಾಣೆಗೆ ಹೋಗಬೇಕು. ಮತ ಎಣಿಕೆ ಮುಗಿಯೋವರೆಗೆ ಅದು ಅಲ್ಲೇ ಇರಬೇಕು. ಠಾಣೆ ಮುಂದೆ ಆ ದಿನ ಒಂದು ಜಾತ್ರೆ. ವರ್ಷಗಟ್ಟಲೆ ಮಾತು ಬಿಟ್ಟವರೂ ಸಾಲಿನಲ್ಲಿ ನಿಂತು ಕರಿಮೆಣಸಿನ ರೇಟು ಮಾತಾಡುತ್ತಾರೆ.

ಗೌಡರೂ ಅಪ್ಪನ ಕಾಲದ ಬಂದೂಕ ತಂದು ಕೊಟ್ಟು ರಸೀದಿ ತಗೊಂಡರು. ಅಲ್ಲಿಗೆ ಮನೆಗೆ ಹೋಗಬಹುದಿತ್ತು. ಆದರೆ ಅವರ ಮನಸ್ಸು ಒಪ್ಪಲಿಲ್ಲ. ಸರ್ಕಾರ ಆಯುಧವೆಲ್ಲ ಒಪ್ಪಿಸಿ ಅಂದಮೇಲೆ ಒಂದನ್ನು ಜೇಬಿನಲ್ಲಿಟ್ಟುಕೊಂಡು ವಾಪಸ್ ಹೋಗೋದು ಹೇಗೆ ಅನ್ನಿಸಿತಂತೆ. ದೊಣ್ಣೆಯನ್ನೂ ತೆಗೆದು ಮೇಜಿನ ಮೇಲಿಟ್ಟು, ಇದಕ್ಕೂ ಒಂದು ರಸೀದಿ ಕೊಡಿ ಸ್ವಾಮಿ ಅಂದರು.

ಸಬ್ ಇನ್ಸ್‌ಪೆಕ್ಟರು ಹೊಸಬರು, ಬಯಲುಸೀಮೆಯಿಂದ ಬಂದವರು. ಇದಕ್ಕೆ ಲೈಸೆನ್ಸ್ ಎಲ್ಲಿ ಅಂದರು. ಇಲ್ಲ ಅಂದರು ಗೌಡರು. ಲೈಸೆನ್ಸ್ ಇಲ್ಲದ್ದನ್ನು ಠೇವಣಿ ಇಟ್ಟುಕೊಳ್ಳೋಕೆ ಬರೋದಿಲ್ಲ ಅಂದರು ಇನ್ಸ್‌ಪೆಕ್ಟರು. ಸರಿ, ಹಾಗಾದರೆ ಮನೆಗೆ ತಗೊಂಡು ಹೋಗ್ತೀನಿ ಅಂದರು ಗೌಡರು. ಕಣ್ಣಿಗೆ ಬಿದ್ದಮೇಲೆ ವಾಪಸ್ ಕೊಡೋಕೂ ಬರೋದಿಲ್ಲ ಅಂದರು. ಇಟ್ಟುಕೊಳ್ಳೋಕೂ ಆಗದೆ, ಕೊಡೋಕೂ ಆಗದೆ, ಕೊನೆಗೆ ಆಯುಧ ಕಾಯ್ದೆಯಲ್ಲಿ ಕೇಸು ಹಾಕಿದರು. ಯಾರಿಗೂ ಬೇರೆ ದಾರಿ ತೋಚಲಿಲ್ಲ.

ಮಹಜರಿಗೆ ಪಂಚರು ಬೇಕಲ್ಲ. ಸಾಲಿನಲ್ಲಿ ಹಿಂದೆಯೇ ಬಂದೂಕ ಹಿಡಿದು ನಿಂತಿದ್ದವನು ಅದೇ ದಾಯಾದಿ ತಮ್ಮ. ಅವನನ್ನೇ ಕರೆದರು. ಸೊಂಟದಲ್ಲಿ ಮೊಳದುದ್ದದ ಮಚ್ಚು ಇದ್ದದ್ದರಿಂದ ಬಗ್ಗಿ ರುಜು ಹಾಕೋಕೆ ಅವನಿಗೆ ಅಡ್ಡಿಯಾಯಿತು. ಇನ್ಸ್‌ಪೆಕ್ಟರೇ ಅದನ್ನು ತೆಗೆದು, ರುಜು ಆಗೋವರೆಗೆ ಕೈಯಲ್ಲಿ ಹಿಡಿದುಕೊಂಡು, ಆಮೇಲೆ ವಾಪಸ್ ಕೊಟ್ಟರು.

ಇದರ ಪೆಟ್ಟು ಬಿದ್ದದ್ದು ಬೇರೆ ಕಡೆ. ಚುನಾವಣೆ ಮುಗಿದು ಎಲ್ಲರ ಬಂದೂಕ ಮನೆಗೆ ಹೋಯಿತು. ಕೇಸು ಇರೋ ಮನುಷ್ಯನಿಗೆ ಕೊಡಲ್ಲ, ಶಿಕ್ಷೆಯಾದರೆ ಲೈಸೆನ್ಸೂ ರಿನ್ಯೂ ಆಗಲ್ಲ ಅಂತ ಗೌಡರದನ್ನು ಇಟ್ಟುಕೊಂಡರು. ತೋಟದಲ್ಲಿ ಬಂದೂಕದ ಈಡಿನ ಸದ್ದು ನಿಂತದ್ದು ಮಂಗಗಳಿಗೆ ಬೇಗ ತಿಳಿಯಿತು. ಕಿತ್ತಳೆ ಹೋಯಿತು, ಬಾಳೆ ಹೋಯಿತು, ಆಮೇಲೆ ಹಂಚು ತೆಗೆದು ಅಡುಗೆ ಮನೆಗೇ ಇಳಿದವಂತೆ. ಗೌಡರ ಹೆಂಡತಿ ನನ್ನ ಆಫೀಸಿಗೆ ಬಂದು, ಕೂರದೆ, ನಿಂತೇ ಹೇಳಿದರು.

"ಬಂದೂಕ ಮನೆಗೆ ಬರೋಗಂಟ ಇವ್ರು ಜಗಲೀಲೇ ಮಲಗ್ಲಿ. ಒಳಗೆ ಮಂಗಗಳಿಗೇ ಜಾಗ ಸಾಲ್ತಿಲ್ಲ."

ಕುಂಕುಮದ ಗುರುತು

ವಿಚಾರಣೆ ದಿನ ಸರ್ಕಾರಿ ವಕೀಲರು ಭಾರೀ ಉತ್ಸಾಹದಲ್ಲಿದ್ದರು. ದೊಣ್ಣೆಯ ಹಿಡಿಯ ಮೇಲೆ ಕುಂಕುಮದ ಗುರುತು ಇತ್ತು. ಇದು ಹೇಗೆ ಬಂತು ಅಂತ ಗೌಡರನ್ನೇ ಕೇಳಿದರು. ನಾನು ಆಕ್ಷೇಪಣೆ ಅಂತ ಏಳೋದರೊಳಗೆ ಗೌಡರು, ಆಯುಧಪೂಜೆ ದಿನ ಬಂದೂಕದ ಪಕ್ಕ ಇಟ್ಟು ಪೂಜೆ ಮಾಡಿದ್ದೆವು ಅಂದುಬಿಟ್ಟರು.

ಮುಗಿಯಿತು ಸ್ವಾಮಿ ಅಂದರು ಸರ್ಕಾರಿ ವಕೀಲರು. ಆಯುಧಪೂಜೆಗೆ ಇಟ್ಟಿದ್ದಾರೆ ಅಂದಮೇಲೆ ಅದು ಆಯುಧ ಅಂತ ಆರೋಪಿಯೇ ಒಪ್ಪಿಕೊಂಡ ಹಾಗಾಯಿತು. ಲೈಸೆನ್ಸ್ ಹೋಯಿತು, ಗೌಡರು ಜಗಲಿಯಲ್ಲೇ ಮುದುಕರಾಗುತ್ತಾರೆ ಅಂತ ನನಗನ್ನಿಸಿತು.

ಆಗ ಕಣ್ಣು ಅತ್ತಿತ್ತ ಹೋಯಿತು. ಕೋರ್ಟಿನ ಟೈಪ್‌ರೈಟರಿಗೆ ಕುಂಕುಮ. ಬೀರುವಿಗೆ ಕುಂಕುಮ. ಗೋಡೆ ಗಡಿಯಾರಕ್ಕೆ ಕುಂಕುಮ. ಎದ್ದು ನಿಂತು, ನಮ್ಮಲ್ಲಿ ಆಯುಧಪೂಜೆಗೆ ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರು, ಹೊಲಿಗೆ ಮಿಷನ್ನು, ಒನಕೆ ಎಲ್ಲಕ್ಕೂ ಪೂಜೆ ಆಗುತ್ತದೆ, ಪೂಜೆ ಆದದ್ದೆಲ್ಲ ಆಯುಧವಾದರೆ ಈ ಕೋರ್ಟಿನ ಟೈಪ್‌ರೈಟರಿಗೆ ಲೈಸೆನ್ಸ್ ಎಲ್ಲಿ ಅಂತ ಬಹಳ ವಿನಯದಿಂದ ಕೇಳಿದೆ.

ನ್ಯಾಯಾಧೀಶರು ಟೈಪಿಸ್ಟಿನ ಕಡೆ ನೋಡಿದರು. ಟೈಪಿಸ್ಟು ಮೆಲ್ಲಗೆ ಎರಡೂ ಕೈ ಟೈಪ್‌ರೈಟರಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡ.

ನಡೆದು ತೋರಿಸಿ

ಇದು ಆಯುಧವಲ್ಲದಿದ್ದರೆ ಮತ್ತೇನು ಅಂತ ನ್ಯಾಯಾಧೀಶರು ಕೇಳಿದರು. ಊರಿಕೊಂಡು ನಡೆಯೋ ಕೋಲು ಸ್ವಾಮಿ, ಹೊಸ ಮಾದರಿಯದು, ಕೆಲಸವಿಲ್ಲದಾಗ ಮಡಚಿಡಬಹುದು ಅಂದೆ. ಸರಿ, ನಡೆದು ತೋರಿಸಲಿ ಅಂದರು.

ಗೌಡರ ಕೈಗೆ ದೊಣ್ಣೆ ಕೊಟ್ಟರು. ಅವರು ಝಾಡಿಸಿದರು. ಸರ್ಕಾರಿ ವಕೀಲರು ಫೈಲು ತಲೆಗೆ ಅಡ್ಡ ಹಿಡಿದರು. ಪೂರ್ತಿ ಬಿಚ್ಚಿದರೂ ಅದು ಗೌಡರ ಮಂಡಿಯಿಂದ ಸ್ವಲ್ಪ ಮೇಲಕ್ಕೆ ಬರುತ್ತಿತ್ತು ಅಷ್ಟೆ. ಅದನ್ನು ಊರಬೇಕಾದರೆ ಆರಡಿ ಆಳು, ಗಿಡದ ಬುಡದ ಉದುರು ಕಾಫಿ ಆರಿಸೋ ಹಾಗೆ ಬಗ್ಗಬೇಕು. ಹಾಗೇ ಬಗ್ಗಿ ಹೊರಟರು. ಕಟಕಟೆಯಿಂದ ಸರ್ಕಾರಿ ವಕೀಲರ ಮೇಜಿನವರೆಗೆ ಚೆನ್ನಾಗೇ ಹೋದರು. ಗೆದ್ದೆ ಅಂದುಕೊಂಡೆ.

ತಿರುಗುವಾಗ ಮೈಭಾರ ಪೂರ್ತಿ ಅದರ ಮೇಲೆ ಬಿಟ್ಟರು. ದೊಣ್ಣೆ ಟಕಟಕ ಅಂತ ತನ್ನೊಳಗೆ ತಾನೇ ಹೋಗಿ ಮತ್ತೆ ಗೇಣುದ್ದ ಆಯಿತು. ಗೌಡರು ಸರ್ಕಾರಿ ವಕೀಲರನ್ನೂ ಅವರ ಮೇಜನ್ನೂ ಸೇರಿಸಿಕೊಂಡು ಬಿದ್ದರು. ಮೊದಲು ಓಡಿ ಬಂದು ಎತ್ತಿದವನು ಸಾಕ್ಷಿಗೆ ಬಂದಿದ್ದ ದಾಯಾದಿ ತಮ್ಮ. ಅಣ್ಣಾ, ಏಟಾಯ್ತಾ ಅಂತ ಅವನು ಗಾಬರಿಯಿಂದ ಕೇಳಿದ್ದನ್ನು ನಾನೇ ಕೇಳಿದ್ದೇನೆ. ಗೌಡರಿಗೆ ಕಣ್ಣಲ್ಲಿ ನೀರು ಬಂತು. ನೋವಿಗೋ, ಆ ಮಾತಿಗೋ, ಹೇಳೋದು ಕಷ್ಟ.

ನ್ಯಾಯಾಧೀಶರು ಬಹಳ ಹೊತ್ತು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಆಮೇಲೆ ಗಂಭೀರವಾಗಿ ಹೇಳಿದರು.

"ಇದು ನಡೆಯೋ ಕೋಲಲ್ಲ ಅನ್ನೋದು ಸಾಬೀತಾಗಿದೆ. ಆಯುಧ ಅಂತಲೂ ಹೇಳಲಾರೆ. ಇದರಿಂದ ಅಪಾಯ ಇರೋದು ಹಿಡಿದುಕೊಂಡವರಿಗೆ ಮಾತ್ರ."

ಬಂದೂಕ ವಾಪಸ್

ಕೇಸು ವಜಾ ಆಯಿತು. ಆದೇಶದ ನಕಲು ಸಿಕ್ಕಿದ ದಿನವೇ ನಾವು ಠಾಣೆಗೆ ಹೋದೆವು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಗೌಡರು, ಅವರನ್ನು ಹಿಡಿದುಕೊಂಡ ದಾಯಾದಿ ತಮ್ಮ, ಹಿಂದೆ ಗೌಡರ ಹೆಂಡತಿ. ಸೆಕೆ ಬೇರೆ. ನನ್ನ ಕೆಲಸ ಮುಗಿಯಿತಲ್ಲ ಅಂತ ನಾನು ಕರಿ ಕೋಟು ಬಿಚ್ಚಿ ಚೀಲಕ್ಕೆ ತುರುಕಿದೆ.

ಸಬ್ ಇನ್ಸ್‌ಪೆಕ್ಟರು ಸಂತೋಷವಾಗೇ ಇದ್ದರು. ನಮಗೆಲ್ಲ ಟೀ ತರಿಸಿದರು. ಬಂದೂಕ ತರಿಸಿ ರುಜು ಹಾಕಿಸಿಕೊಂಡು ಗೌಡರ ಕೈಗೆ ಕೊಟ್ಟರು. ಗೌಡರ ಹೆಂಡತಿ ಅದನ್ನು ಕಂಡು ನಕ್ಕರು. ಆ ಮುಖದಲ್ಲಿ ನಗು ನಾನು ನೋಡಿದ್ದು ಅದೇ ಮೊದಲು, ನನಗೂ ಬಹಳ ಸಂತೋಷವಾಯಿತು. ಇನ್ನು ಗೌಡರು ಒಳಗೆ ಮಲಗಬಹುದು.

ಎಲ್ಲ ಮುಗಿದು ಏಳೋ ಹೊತ್ತಿಗೆ ಇನ್ಸ್‌ಪೆಕ್ಟರು ಸುಮ್ಮನೆ ಮಾತಿಗೆ, ಏನು ಗೌಡ್ರೆ, ಈಡು ಹೊಡೆಯೋದ್ರಲ್ಲಿ ಕೈ ಹೇಗೆ ಅಂತ ಕೇಳಿದರು.

"ಅಯ್ಯೋ, ನಂಗೆಲ್ಲಿ ಬರ್ತದೆ ಸ್ವಾಮಿ. ಆ ಸದ್ದು ಕೇಳಿದ್ರೇ ಎದೆ ಹೊಡ್ಕಂತದೆ. ಲೈಸೆನ್ಸ್ ಮಾತ್ರ ನಂದು. ಮದುವೆ ಆದಾಗಿಂದ ಈಡು ಹೊಡೆಯೋದೆಲ್ಲ ಇವಳೇ."

ಗೌಡರ ಹೆಂಡತಿ ಛಾವಣಿ ನೋಡಿದರು. ದಾಯಾದಿ ತಮ್ಮ, ಮತ್ತೆ ಪಂಚನಾಗೋಕೆ ಕರೆಯುತ್ತಾರೆ ಅಂತಲೋ ಏನೋ, ಬಾಗಿಲ ಕಡೆ ಸರಿದ. ಇನ್ಸ್‌ಪೆಕ್ಟರು ಟೀ ಲೋಟ ಕೆಳಗಿಟ್ಟು ಪೆನ್ನಿನ ಮುಚ್ಚಳ ತೆಗೆದರು.

ನಾನು ಚೀಲದಿಂದ ಕೋಟು ತೆಗೆದು ಮತ್ತೆ ಹಾಕಿಕೊಂಡೆ.