ಇನ್ನೂರ ನಲವತ್ತು ಹೆಜ್ಜೆಯ ಕಾಲುವೆ

ಜ್ಞಾಪಕಶಕ್ತಿಯ ಬಗ್ಗೆ ಜಂಬ ಪಡುವವರನ್ನು ಕಂಡರೆ ಈಗ ನನಗೆ ಮರುಕ. ಕಳೆದ ತಿಂಗಳವರೆಗೆ ನಾನೂ ಅದೇ ಗುಂಪಿನವಳು. ಐದಕ್ಕೆ ಏಳುವುದು, ಆರಕ್ಕೆ ಕಾಫಿ, ಏಳಕ್ಕೆ ಸ್ನಾನ. ಎಪ್ಪತ್ತನಾಲ್ಕು ತುಂಬಿದರೂ ಹತ್ತು ನಿಮಿಷ ಅತ್ತಿತ್ತ ಆದದ್ದಿಲ್ಲ. ಇಷ್ಟು ಶಿಸ್ತಿನ ತಲೆಯಲ್ಲಿಟ್ಟ ಸಂಗತಿ ಕೆಡುವುದುಂಟೇ?

ಶಿಸ್ತು ಅಮ್ಮನ ಕೊಡುಗೆ. ತಿರುವಲ್ಲಿಕೇಣಿಯ ನಮ್ಮ ಬೀದಿ ಮುಗಿಯುವಲ್ಲಿ ಕಾಲುವೆ. ಆಗ ಅದರಲ್ಲಿ ಸೌದೆಯ ದೋಣಿಗಳು ಬರುತ್ತಿದ್ದವು. ದಡದ ಕಲ್ಲು ಮೆಟ್ಟಿಲವರೆಗೆ ಹೋಗಿ ದೋಣಿಯವನಿಗೆ "ನಮ್ಮನೆಗೆ ಎರಡು ಹೊರೆ" ಎಂದು ಹೇಳಿ ಬರುವುದು ಎಂಟು ವರ್ಷದ ನನ್ನ ಕೆಲಸ. ನಾನು ದಾರಿಯಲ್ಲಿ ಹರಟೆಗೆ ನಿಲ್ಲಬಾರದೆಂದು ಅಮ್ಮ ಒಂದು ಉಪಾಯ ಮಾಡಿದ್ದಳು: ಗೇಟಿನಿಂದ ಹೆಜ್ಜೆ ಎಣಿಸುತ್ತಾ ಹೋಗಬೇಕು, ಬಂದು ಒಪ್ಪಿಸಬೇಕು. ಬಾಯಿ ತೆರೆದರೆ ಎಣಿಕೆ ತಪ್ಪುತ್ತದೆ, ತಪ್ಪಿದರೆ ಮತ್ತೆ ಗೇಟಿನಿಂದ. ಹಾಗಾಗಿ ಅಂದಿನ ಬೀದಿಯ ಒಂದು ಮುಖವೂ ನನಗೆ ನೆನಪಿಲ್ಲ. ಇನ್ನೂರ ನಲವತ್ತು ಎಂಬ ಸಂಖ್ಯೆ ಮಾತ್ರ ಗಟ್ಟಿಯಾಗಿ ಉಳಿದಿದೆ.

ಆಮೇಲೆ ದೋಣಿ ನಿಂತವು, ಕಾಲುವೆ ಚರಂಡಿಯಾಯಿತು, ಅದರ ಮೇಲೆತ್ತಿದ ಕಂಬಗಳ ಮೇಲೆ ರೈಲು ಓಡತೊಡಗಿತು, ಮೆಟ್ಟಿಲು ಕಸದಡಿ ಮಾಯವಾಯಿತು. ಈಗ ಸೆಲ್ವಿ ಎಂಬ ಬ್ಯಾಂಕಿನ ಹುಡುಗಿ ಹತ್ತಾರು ಗೆಳೆಯರೊಂದಿಗೆ ಭಾನುವಾರಗಳಂದು ಕಾಲುವೆ ತೆರವು ಮಾಡುತ್ತಾಳೆ. ಮೆಟ್ಟಿಲು ಸಿಕ್ಕರೆ ನಮ್ಮ ಬೀದಿಯ ಭಾಗವನ್ನೇ ಪೂರ್ತಿ ಮಾಡುವುದು, ಇಲ್ಲದಿದ್ದರೆ ಕೆಲಸ ಸುಲಭವಿರುವ ಕಡೆಗೆ ಹೋಗುವುದು ಎಂಬುದು ಅವರ ತೀರ್ಮಾನ. "ಎಲ್ಲಿತ್ತು ಮಾಮಿ?" ಎಂದು ಕೇಳಿದಳು. ನಾನು ನಮ್ಮ ಅದೇ ಹಳೆಯ ಗೇಟಿನಿಂದ ಬೀದಿ ದಾಟಿ, ದಡಗುಂಟ ಇನ್ನೂರ ನಲವತ್ತು ಹೆಜ್ಜೆ ಮುಗಿಸಿ, "ಇಲ್ಲೇ" ಎಂದೆ.

ಮೂರು ಭಾನುವಾರ ಅಗೆದರು. ಲಾರಿಯ ಟೈರು ಬಂತು, ಅರ್ಧ ರುಬ್ಬುಗಲ್ಲು ಬಂತು, ಮೆಟ್ಟಿಲು ಬರಲಿಲ್ಲ.

"ಮಾಮಿ, ಇಂಗೆ ಒಣ್ಣುಮೇ ಇಲ್ಲೆ, ಏನೂ ಸಿಗ್ತಿಲ್ಲ," ಎಂದಳು ಸೆಲ್ವಿ, ಹಣೆ ಒರೆಸಿಕೊಳ್ಳುತ್ತಾ. "ಇನ್ನೊಂದೇ ಭಾನುವಾರ ನೋಡೋದು."

"ಆಳ ಸಾಲದು," ಎಂದೆ.

ಆ ವಾರ ವಡಪಳನಿಯಿಂದ ಊಟಕ್ಕೆ ಬಂದ ತಮ್ಮ ರಘು ಕಥೆಯೆಲ್ಲ ಕೇಳಿ, ಸಾರಿನ ಬಟ್ಟಲು ಕೆಳಗಿಟ್ಟ. "ಅಕ್ಕಾ, ಅವತ್ತು ನಿನ್ನ ಕಾಲು ಎಷ್ಟುದ್ದ ಇತ್ತೇ?"

ನಾನು ಅವನಿಗೆ ಹಪ್ಪಳ ಬಡಿಸಲಿಲ್ಲ.

ಭಾನುವಾರ ಇಡೀ ಬೀದಿಯ ಎದುರು ಪುಟ್ಟ ಪುಟ್ಟ ಹೆಜ್ಜೆಯಿಡುತ್ತಾ ಹೊರಟೆ. ರಘು ಹಿಂದೆಯೇ, "ಇನ್ನೂ ಸಣ್ಣದಿಡೇ, ಎಂಟು ವರ್ಷದೋಳು ನೀನು!" ಎನ್ನುತ್ತಿದ್ದ. ಹೂ ಮಾರುವವಳು ಎದ್ದು ಬಂದು ತೋಳು ಹಿಡಿದಳು. "ಎನ್ನಮ್ಮಾ, ಮಂಡಿ ನೋವಾ?" ಇಲ್ಲವೆಂದು ಹೇಳುವಷ್ಟರಲ್ಲಿ ಎಣಿಕೆ ತಪ್ಪಿತು. ಮತ್ತೆ ಗೇಟಿನಿಂದ.

ಇನ್ನೂರ ನಲವತ್ತು ಮುಗಿದದ್ದು ಬೇವಿನ ನೆರಳಿನಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿಯ ಮುಂದೆ. ಅಷ್ಟೂ ಭಾನುವಾರ ನಾನು ಕುಳಿತು, "ಬೇಗ, ಬೇಗ" ಎನ್ನುತ್ತಾ ಮೇಲ್ವಿಚಾರಣೆ ಮಾಡಿದ್ದು ಅದರಲ್ಲೇ.

ಸೆಲ್ವಿ ತುಟಿ ಕಚ್ಚಿಕೊಂಡು ಕುರ್ಚಿ ಸರಿಸಿದಳು. ಎರಡಡಿ ಅಗೆಯುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಮಧ್ಯಾಹ್ನದೊಳಗೆ ನಾಲ್ಕು ಮೆಟ್ಟಿಲು ಹೊರಬಂದವು. ಐದನೆಯದರ ಮೇಲೆ ನೀರಿತ್ತು. ಕಪ್ಪು ನೀರೇ, ಆದರೆ ನಿಧಾನವಾಗಿ ಸರಿಯುತ್ತಿತ್ತು. "ಇನಿ ನಾವು ಎಲ್ಲೂ ಹೋಗಲ್ಲ ಮಾಮಿ, ಇಲ್ಲೇ ದಾನ್," ಎಂದು ಸೆಲ್ವಿ ಮಣ್ಣಿನ ಬುಟ್ಟಿಯೊಂದನ್ನು ನನ್ನ ಕೈಗೆ ಕೊಟ್ಟಳು.

ಬುಟ್ಟಿ ಸಾಗಿಸುವ ಗಡಿಬಿಡಿಯಲ್ಲಿ ಆ ದಿನ ಯಾರಿಗೂ "ಬೇಗ, ಬೇಗ" ಎನ್ನಲು ನನಗೆ ಪುರುಸೊತ್ತಾಗಲಿಲ್ಲ. ಕೆಲಸ ಮಾತ್ರ ಹಿಂದಿನ ಮೂರು ವಾರಗಳಿಗಿಂತ ಬೇಗ ಮುಗಿಯಿತು.