ಸರಕಾರಿ ಹುಂಜವನ್ನು ಮರಳಿಸುವ ವಿಷಯ

ಟಿಕೋಟಾ,
ತಾ. ೧೧ ನವೆಂಬರ್ ೧೯೪೬, ಸೋಮವಾರ

ಜಿಲ್ಲಾ ಕುಕ್ಕುಟ ವಂಶೋದ್ಧಾರದ ಸಾಹೇಬರ ಸನ್ನಿಧಿಗೆ, ವಿಜಾಪುರ

ಮಾನ್ಯರೇ,

ಟಿಕೋಟಾದ ಒಕ್ಕಲುತನದ ಅಮರಪ್ಪನು ಎರಡೂ ಕೈ ಜೋಡಿಸಿ, ಸಾಧ್ಯವಾದಷ್ಟು ಬಾಗಿ ಮಾಡುವ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ತಮ್ಮ ಮೋಟಾರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನೂ ಕ್ಷೇಮ, ಎತ್ತುಗಳೂ ಕ್ಷೇಮ. ನನ್ನ ಹೆಂಡತಿ ಲಕ್ಕವ್ವ ಮಾತ್ರ ಎಂಟು ದಿನಗಳಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ, ತಾಟಿಗೆ ರೊಟ್ಟಿ ಹಾಕುವಾಗ ಗೋಡೆಯ ಕಡೆ ನೋಡುತ್ತಾಳೆ. ಇದಕ್ಕೆ ತಾವು ದಯಪಾಲಿಸಿದ ಹುಂಜವೂ ನಾನು ಮಾಡಿದ ಸಹಿಯೂ ಕಾರಣವಾದುದರಿಂದ, ಈ ಪತ್ರವನ್ನು ನಾಲ್ಕು ಜನ ಓದಲೆಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಎರಡು ತಿಂಗಳ ಹಿಂದೆ ತಾವು ನಮ್ಮೂರ ಚಾವಡಿಯ ಮುಂದೆ ನಿಂತು, ಜವಾರಿ ಕೋಳಿಯ ರಕ್ತ ಕಲಬೆರಕೆಯದು, ತತ್ತಿ ಸಣ್ಣದು, ಸ್ವಭಾವ ಕೆಟ್ಟದ್ದು ಎಂದು ಒಂದು ತಾಸು ಬೋಧಿಸಿದಿರಿ. ಇಂಥ ಕೋಳಿಗಳ ನಡುವೆ ಇಷ್ಟು ವರ್ಷ ಹೇಗೆ ಬದುಕಿದೆವೋ ಎಂದು ನನಗೇ ನಾಚಿಕೆಯಾಯಿತು. ಆಮೇಲೆ ತಾವು ನನ್ನನ್ನು ಊರಿನ ಮೊದಲ ಆದರ್ಶ ಕೋಳಿ ಸಾಕಣೆದಾರನೆಂದು ಸಾರಿ, ಚೆಂಡುಹೂವಿನ ಹಾರ ಹಾಕಿ, ಒಂದು ಬಿಳಿ ಹುಂಜ, ಎರಡು ಬಿಳಿ ಹೇಂಟೆಗಳನ್ನು ಕೈಗಿತ್ತಿರಿ. ಹಾರ ಕುತ್ತಿಗೆಯಲ್ಲಿದ್ದಾಗ ಮನುಷ್ಯ ಯಾವ ಕಾಗದಕ್ಕಾದರೂ ಸಹಿ ಮಾಡುತ್ತಾನೆ, ನಾನೂ ಮಾಡಿದೆ. ಮನೆಯಲ್ಲಿರುವ ಜವಾರಿ ಹುಂಜವನ್ನು ಸರಕಾರಕ್ಕೆ ಒಪ್ಪಿಸುತ್ತೇನೆ ಎಂದು ಅದರಲ್ಲಿ ಬರೆದಿತ್ತೆಂಬುದು, ಕಳೆದ ವಾರ ತಮ್ಮ ನೋಟೀಸು ಬಂದು, ಈ ಸೋಮವಾರ ಒಯ್ಯಲು ಬರುತ್ತೇವೆ ಎಂದಾಗಲೇ ಲಕ್ಕವ್ವನಿಗೆ ತಿಳಿದದ್ದು.

ಹಾರ ಹಾಕಿದ ಆ ದಿನವೇ ನಮ್ಮ ಬಡ ಮನೆಯಲ್ಲಿ ಊಟಕ್ಕೆ ಕೂತು, ಫಾರಮಿನ ಕೋಳಿ ಬೇಡ, ಜವಾರಿಯೇ ಬೇಕು, ಅದರ ರುಚಿಯೇ ಬೇರೆ ಎಂದು ಅಪ್ಪಣೆ ಕೊಡಿಸಿದ ತಮ್ಮ ದೊಡ್ಡತನವನ್ನು ಇಲ್ಲಿ ನೆನೆಯದಿದ್ದರೆ ನಾನು ಕೃತಘ್ನನಾಗುತ್ತೇನೆ. ನಾವು ಜವಾರಿಯಿಂದ ಉದ್ಧಾರವಾಗಲೆಂದು ತಾವೇ ಅದನ್ನು ತಿಂದು ಕಡಿಮೆ ಮಾಡಿದಿರಿ. ತಮ್ಮ ಜವಾನ ಚಮನಸಾಬ ಆ ಹೊತ್ತೆಲ್ಲ ತಮ್ಮ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ಕಟ್ಟೆಯ ಮೇಲೆ ಕೂತಿದ್ದ.

ಇನ್ನು ತಮ್ಮ ಹಕ್ಕಿಗಳ ಗುಣಗಾನ. ಹುಂಜದ ಬಿಳುಪು ಎಂಥದೆಂದರೆ, ದೂರದ ತೊರವಿ ಊರಿನ ಮೇಲೆ ಹಾರುವ ಹದ್ದಿಗೂ ಅದು ಕಾಣುತ್ತದೆ. ಹದ್ದಿನ ನೆರಳು ಅಂಗಳಕ್ಕೆ ಬಿದ್ದ ಕೂಡಲೇ ನಮ್ಮ ಬೂದಿ ಬಣ್ಣದ ಹೇಂಟೆ ಕುತ್ತಿಗೆ ಕೆದರಿ ಮೇಲಕ್ಕೆ ಹಾರುತ್ತದೆ, ತಮ್ಮ ಹುಂಜ ಸಗಣಿ ಬುಟ್ಟಿಯ ಹಿಂದೆ ಶಾಂತಚಿತ್ತದಿಂದ ಕೂಡುತ್ತದೆ. ಒಳ್ಳೆಯ ಸ್ವಭಾವವೆಂದು ತಾವು ಹೇಳಿದ್ದು ಇದನ್ನೇ ಇರಬೇಕು. ಹೇಂಟೆಗಳು ತತ್ತಿ ಇಡುತ್ತವೆ, ದಪ್ಪ ತತ್ತಿಗಳು, ಸುಳ್ಳೇಕೆ ಹೇಳಲಿ? ಇಟ್ಟು, ತಿರುಗಿಯೂ ನೋಡದೆ ಹೊರಟುಹೋಗುತ್ತವೆ. ಕಾವಿಗೆ ಕೂಡುವ ದುರ್ಗುಣವನ್ನು ತಳಿಯಿಂದ ತೆಗೆದುಹಾಕಿದ್ದೇವೆ ಎಂದು ತಾವು ಹೆಮ್ಮೆಯಿಂದ ಹೇಳಿದ್ದು ಆಗ ನೆನಪಾಯಿತು. ಕೊನೆಗೆ ಆ ಹನ್ನೊಂದು ಸರಕಾರಿ ತತ್ತಿಗಳಿಗೆ ಕಾವು ಕೊಟ್ಟು ಒಂಬತ್ತು ಮರಿ ಮಾಡಿದ್ದು, ಕಲಬೆರಕೆ ರಕ್ತದ ನಮ್ಮ ಬೂದಿ ಹೇಂಟೆಯೇ. ಜವಾರಿ ತಳಿಯೇ ಅಳಿದ ಮೇಲೆ ಪ್ರತಿ ಹೇಂಟೆಗೆ ಒಬ್ಬರಂತೆ ತಮ್ಮ ಕಚೇರಿಯ ಗುಮಾಸ್ತರನ್ನು ಕಳಿಸಿಕೊಡಬೇಕು. ಎದ್ದೇಳದೆ ಇಪ್ಪತ್ತೊಂದು ದಿನ ಕೂಡುವ ಅಭ್ಯಾಸ ಅವರಿಗಿದೆ.

ಮಾನ್ಯರೇ, ತಳಿ ಸುಧಾರಣೆ ನಮ್ಮ ಮನೆಗೆ ಹೊಸದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಲಕ್ಕವ್ವ ತವರಾದ ಕಾಖಂಡಕಿಯಿಂದ ಒಂದು ಹೇಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಅಂದಿನಿಂದ ವರ್ಷಕ್ಕೆ ಒಂದೇ ಹುಂಜವನ್ನು ತಳಿಗೆ ಬಿಡುತ್ತ ಬಂದಿದ್ದಾಳೆ. ಕೂಸಿನ ಕೈ ಕುಕ್ಕಿದ ಹುಂಜ ಸಾರಿಗೆ ಹೋಗುತ್ತದೆ, ಕಾಲು ಸಣ್ಣದಾದುದು ಸಂತೆಗೆ ಹೋಗುತ್ತದೆ. ಉಳಿದವುಗಳ ಮುಂದೆ ಒಂದು ಹಿಡಿ ಜೋಳ ಚೆಲ್ಲಿ ನಿಲ್ಲುತ್ತಾಳೆ: ಯಾವುದು ತಾನು ತಿನ್ನುವ ಮೊದಲು ಕೊಕ್ ಕೊಕ್ ಎಂದು ಹೇಂಟೆಗಳನ್ನು ಕರೆಯುತ್ತದೋ ಅದು ಉಳಿಯುತ್ತದೆ. ಈಗಿರುವ ಕೆಂಪು ಹುಂಜ ಅಂಥದು. ಅದು ಹೋದರೆ ಇಪ್ಪತ್ತೆರಡು ವರ್ಷದ ಅವಳ ಕೆಲಸವೇ ಹೋದಂತೆ. ಬಬಲೇಶ್ವರದ ಶಂಕ್ರೆವ್ವನಿಂದ ಹಿಡಿದು ಪಾಲಿಗೆ ಸಾಕಲು ಮರಿ ಒಯ್ದ ಹೆಂಗಸರೆಲ್ಲ ತಮ್ಮ ಹೇಂಟೆಗಳನ್ನು ಇದರ ಹತ್ತಿರವೇ ತರುತ್ತಾರೆ.

ಈಗ ನನ್ನ ತಪ್ಪೊಪ್ಪಿಗೆ. ನಮ್ಮ ಕಡೆ ಹೊಲ ಗಂಡಸಿನದು, ಕೋಳಿ ಹೆಂಗಸಿನ ಬದುಕು. ಅವಳ ತತ್ತಿಯೊಂದನ್ನು ಮುಟ್ಟಬೇಕಾದರೂ ನಾನು ಕೇಳಿಯೇ ಮುಟ್ಟಬೇಕು. ಅದನ್ನು ಮರೆತು, ಹಾರದ ಆಸೆಗೆ ಬಿದ್ದು, ನನ್ನದಲ್ಲದ ಹುಂಜವನ್ನು ನಾನು ಬರೆದುಕೊಟ್ಟೆ. ಎಂಟು ದಿನದ ಹಿಂದೆ ಅವಳು ಕೊನೆಯ ಬಾರಿ ಆಡಿದ ಮಾತು ಇಷ್ಟೇ: “ನನ್ನ ತವರಿನ ಕೋಳಿಗೆ ಸಹಿ ಮಾಡಾಕ ನೀ ಯಾರು?” ಆದ್ದರಿಂದ ತಾವು ಆ ಕಾಗದವನ್ನು ಹರಿದು ಹಾಕಬೇಕು. ಆಗದಿದ್ದರೆ ಖುದ್ದಾಗಿ ದಯಮಾಡಿಸಿ, ಹುಂಜವನ್ನು ಅವಳ ಕೈಯಿಂದಲೇ ಇಸಿದುಕೊಳ್ಳಬೇಕು. ಹಾರ ನಾನು ತರುತ್ತೇನೆ, ನಿಲ್ಲುವುದು ಮಾತ್ರ ಬೀದಿಯ ಆಚೆ ಬದಿಗೆ.

ಒಂದು ಕಾಲದ ಆದರ್ಶ ಸಾಕಣೆದಾರನೂ, ಎಂದಿಗೂ ತಮ್ಮ ವಿಶ್ವಾಸಿಯೂ ಆದ
ಅಮರಪ್ಪ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಚಮನಸಾಬ ಬುಟ್ಟಿ ಹಿಡಿದು ಬಂದ. ಲಕ್ಕವ್ವ ಮೊದಲು ಅವನನ್ನು ಒಳಗೆ ಕರೆದು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅವನು ಉಂಡೆದ್ದ ಮೇಲೆ ಅಂಗಳದಲ್ಲಿ ಒಂದು ಹಿಡಿ ಜೋಳ ಚೆಲ್ಲಿದಳು. ಕೆಂಪು ಹುಂಜ ಕರೆಯಿತು, ಬಿಳಿ ಹುಂಜ ತಲೆ ಎತ್ತದೆ ತಿಂದಿತು. ಆದ್ದರಿಂದ ಈ ಪತ್ರದೊಡನೆ ಅದೇ ಬುಟ್ಟಿಯಲ್ಲಿ ತಮ್ಮ ಹುಂಜ ಮರಳಿ ಬರುತ್ತಿದೆ; ಸಾಹೇಬರಿಗೆ ತಾನೇ ಹೇಳಿಕೊಳ್ಳುತ್ತೇನೆ ಎಂದು ಚಮನಸಾಬನೇ ಬುಟ್ಟಿ ಹೊತ್ತುಕೊಂಡ. ಎಂಟು ದಿನದ ಮೇಲೆ ಲಕ್ಕವ್ವ ನನ್ನ ಕಡೆ ನೋಡಿ ಮಾತನಾಡಿದಳು, ತಮಗೆ ಬರೆಯಲು ಹೇಳಿದಳು: “ಅವತ್ತ ಸಾಹೇಬ್ರು ಊಟಕ್ಕ ಕುಂತಾಗ ಕಟ್ಟೀಮ್ಯಾಲಿನ ಈ ಚಮನಸಾಬನ್ನ ಒಂದ ಸಲಾನೂ ಕರೀಲಿಲ್ಲ. ನನ್ನ ಅಂಗಳದಾಗ ಇದ್ದಿದ್ರ ಅವರನ್ನೂ ತಳಿಗೆ ಬಿಡ್ತಿರಲಿಲ್ಲ ಅಂತ ಬರಿ.”