ಎಮ್ಮಿನಿಂದ ಶುರುವಾಗುವ ಹೆಸರು

ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಆ ಹೊಲದಲ್ಲಿ ಈ ವರ್ಷ ಇದ್ದದ್ದು ಬರೀ ಅರಿಸಿನ. ಇಂಟರ್‌ನೆಟ್ಟಿನಲ್ಲಿ ಮಾತ್ರ ಅದು ಇನ್ನೂ ಸೂರ್ಯಕಾಂತಿಯ ಹೊಲ. ಹೊಲವನ್ನೂ ಅದರ ವೆಬ್‌ಸೈಟನ್ನೂ ಸೋದರಳಿಯ ಸುಧಾಕರನಿಗೆ ಬಿಟ್ಟು ಮುದ್ದಯ್ಯ ಹೋದ ವರ್ಷ ಕಣ್ಣು ಮುಚ್ಚಿದ್ದ. 'ಹೂವು ಅರಳಿದೆ, ಎಲ್ಲರೂ ಬನ್ನಿ' ಎಂದು ಅವನು ಹಾಕಿಸಿದ್ದ ಕರೆ ಹಾಗೇ ಉಳಿದಿತ್ತು. ಅದನ್ನು ನಂಬಿ ಕೇರಳದ ಕಡೆಯಿಂದ ಕಾರುಗಳು ಬರುತ್ತಲೇ ಇದ್ದವು.

ಭಾನುವಾರ ಬೆಳಿಗ್ಗೆ ಸುಧಾಕರ ಹೆಂಡತಿ ಚೈತ್ರಳ ಜೊತೆ ಚಾಮರಾಜನಗರದಿಂದ ಬಂದು ಬಸ್ಸಿಳಿದಾಗ, ಹಳದಿ ಸೀರೆಯ ಹೆಂಗಸೊಬ್ಬಳು ಅರಿಸಿನದ ಗಿಡಗಳ ನಡುವೆ ದಾರಿ ತಪ್ಪಿದ ನವಿಲಿನ ಹಾಗೆ ನಿಂತಿದ್ದಳು.

"ಪೂವ್ ಎವಿಡೆ?" ಹೂವೆಲ್ಲಿ ಎಂದು ಮಲಯಾಳದಲ್ಲಿ ಕೇಳಿದಳು.

ಸುಧಾಕರ ಕೆಲಸದಲ್ಲಿ ಗುಮಾಸ್ತ, ಸ್ವಭಾವದಲ್ಲಿ ಕನಸುಗಾರ. "ಹಳದಿ ಇದೆ ಮೇಡಂ. ನೆಲದ ಒಳಗಿದೆ," ಎಂದ. ಹಾಗೆನ್ನುವಾಗಲೇ ಅವನ ಕಣ್ಣ ಮುಂದೆ ಸಾವಿರ ಸೂರ್ಯಕಾಂತಿಗಳು ಮೆಲ್ಲಗೆ ತಲೆಯೆತ್ತಿ ಅವನ ಕಡೆ ಮುಖ ತಿರುಗಿಸಿದವು. ಹೆಂಗಸಿನ ಕಾಲಡಿ ಒಂದು ಗಿಡ ಲಟಕ್ಕೆಂದಾಗ ಅವೆಲ್ಲ ಮಾಯವಾದವು.

ಜಗಲಿಯ ಮೇಲೆ ಮುದ್ದಯ್ಯನ ಹೆಂಡತಿ, ಅತ್ತೆ ದೊಡ್ಡಮಾದಮ್ಮ ಕಾಯುತ್ತಿದ್ದಳು. "ಇವತ್ತು ಆ ಬರವಣಿಗೆ ಅಳಿಸ್ದೆ ನೀನು ಊರಿಗೆ ಓಗಂಗಿಲ್ಲ ಕಣಪ್ಪ. ಬೆಳೆನೆಲ್ಲ ತುಳ್ದು ಚಟ್ನಿ ಮಾಡ್ಬುಟ್ರು."

ಸುಧಾಕರ ವೆಬ್‌ಸೈಟ್ ಕಂಪನಿಗೆ ಫೋನ್ ಮಾಡಿದ.

"ಖಾತೆ ಯಾವ ಇಮೇಲ್‌ನಲ್ಲಿದೆ ಸರ್?" ಎಂದಿತು ಒಂದು ಇಂಪಾದ ದನಿ.

"ಅದೇ ಗೊತ್ತಿಲ್ಲ, ನೀವೇ ಹೇಳಿ."

"ಅದನ್ನ ನಾವು ಆ ಇಮೇಲಿಗೆ ಮಾತ್ರ ತಿಳಿಸ್ತೀವಿ ಸರ್."

ಅವಳು ಕರುಣೆಯಿಂದ ಕೊಟ್ಟ ಸುಳಿವು ಇಷ್ಟೇ: ಇಮೇಲಿನ ಮೊದಲ ಅಕ್ಷರ ಎಮ್, ಕೊನೆಯದು ಎ. ನಡುವೆ ಬರೀ ಚುಕ್ಕಿ.

ಕಾಫಿಯ ವಾಸನೆ ಹಿಡಿದು ಬಂದಿದ್ದ ಪಕ್ಕದ ಮನೆಯ ಪುಟ್ಟಬಸಪ್ಪ ಫೋನಿನೊಳಗೆ ಇಣುಕಿದ. "ಮುದ್ದಯ್ಯ ಅಂತ ಒಡಿಲಾ."

ಹೊಡೆದದ್ದಾಯಿತು. ತಪ್ಪು. 'ಮಾದಮ್ಮ' ತಪ್ಪು. 'ಮಾದೇವ'ನೂ ಕೈಬಿಟ್ಟ. ಪುಟ್ಟಬಸಪ್ಪ ಕಾಫಿ ಹೀರಿ ಆಕಾಶ ನೋಡುತ್ತ, "ಮಂಗಮ್ಮನೂ ಎಮ್ಮೇ ಕಣ್ಲಾ," ಎಂದ.

ಮಂಗಮ್ಮ ಬೇಲಿಯಾಚೆಯ ಹೂ ಕಟ್ಟುವವಳು. ದೊಡ್ಡಮಾದಮ್ಮ ಲೋಟ ಕೆಳಗಿಟ್ಟಳು. "ಒಡಿ ಸುಧಾಕರ. ನಾನೂ ನೋಡ್ಬುಡ್ತೀನಿ."

ಒಂದೊಂದೇ ಅಕ್ಷರ ಹೊಡೆದ. ತಪ್ಪು ಎಂದು ಬಂತು. ಸುಧಾಕರ ಉಸಿರು ಬಿಟ್ಟ.

"ಇಸ್ಪೆಲಿಂಗ್ ಬದಲಾಯ್ಸಿ ಒಡಿ," ಎಂದಳು ಅತ್ತೆ.

ತನ್ನ ಹೆಸರು ಕಿವಿಗೆ ಬಿದ್ದು ಮಂಗಮ್ಮನೇ ಬೇಲಿಯ ಬಳಿ ಬಂದಳು. ವಿಷಯ ಕೇಳಿ ನಕ್ಕಳು. "ಅದ್ನ ಮಾಡ್ದೋನು ನೀನೇ ಅಲ್ವೇನಪ್ಪ ಸುಧಾಕರ? ಕಾಲೇಜು ರಜಕ್ಕೆ ಬಂದು, ಇದೇ ಜಗಲಿ ಮೇಲೆ ಕೂತು ಮಾಡ್ಕೊಟ್ಟೆ. ನಿಮ್ಮಾವಂಗೆ ಇಮೇಲು ಎಲ್ಲಿತ್ತು? ನಿಂದೇ ಯಾವುದೋ ಆಕ್ದೆ."

ಸುಧಾಕರ ಕಣ್ಣು ಮುಚ್ಚಿದ. ಆ ರಜೆ ಮಂಜಿನೊಳಗಿಂದ ಬರುವ ಬಸ್ಸಿನಂತೆ ನಿಧಾನವಾಗಿ ಹತ್ತಿರ ಬಂತು. ಹೊಲದ ತುಂಬ ಹೂವು, ಮಾವನ ನಗು, ಗಾಳಿಯಲ್ಲಿ ಹಾರುವ ತನ್ನ ಕವಿತೆಗಳು. ಆಗ ಅವನಿಗೊಂದು ಕಾವ್ಯನಾಮವಿತ್ತು.

"ಮಂದಹಾಸ," ಎಂದ, ನಿದ್ದೆಯಲ್ಲಿ ಮಾತಾಡುವವನಂತೆ.

ಬೀಗ ಕದಲಿತು. ಆ ಇಮೇಲಿಗೆ ಕೋಡ್ ಕಳಿಸಿದ್ದೇವೆ ಎಂದಿತು ಫೋನು. ಚೈತ್ರ ಖುಷಿಯಿಂದ ಫೋನ್ ತೆಗೆದುಕೊಂಡಳು. "ಇಮೇಲ್ ನಾನು ತೆಗೀತೀನಿ. ಅದರ ಪಾಸ್‌ವರ್ಡ್ ಏನು?"

ಸುಧಾಕರ ಇನ್ನೂ ಹೂವಿನ ನಡುವೆಯೇ ಇದ್ದ. "ನೀಲಾವತಿ," ಎಂದ.

ಅತ್ತೆಯ ಮುಖ ಅರಳಿತು. "ಒಳಕ್ಕೆ ಬಾ ಮಂಗಮ್ಮ, ಕಾಫಿ ಕುಡಿ," ಎಂದು ಕರೆದಳು. ಪುಟ್ಟಬಸಪ್ಪ ಇನ್ನಷ್ಟು ಹತ್ತಿರ ಸರಿದು, "ಯಾರ್ಲಾ ಅದು?" ಎಂದ.

"ಅದು... ಕಾಲೇಜು..."

"ಕಾಲೇಜಿನ ಹೆಸರಾ?" ಎಂದಳು ಚೈತ್ರ.

ಅವಳು ಕೂಗಾಡಲಿಲ್ಲ. ತಣ್ಣಗೆ ಏನೇನೋ ಒತ್ತಿ, ಮುಚ್ಚಿ, ಫೋನನ್ನು ಅವನ ಕೈಗಿಟ್ಟಳು. "ಇಮೇಲಿಗೂ ವೆಬ್‌ಸೈಟಿಗೂ ಪಾಸ್‌ವರ್ಡ್ ಬದಲಾಯಿಸಿದ್ದೀನಿ. ಇನ್ನು ನೀವೇ ಒಳಗೆ ಹೋಗಿ ಅಳಿಸಿ."

"ಹೊಸದು ಏನು?"

"ಸುಲಭದ್ದೇ. ನಮ್ಮ ಮದುವೆ ತಾರೀಕು."

ಸುಧಾಕರ ಫೋನ್ ಹಿಡಿದು ಕೂತ. ಛತ್ರ ನೆನಪಾಯಿತು. ವಾಲಗ ನೆನಪಾಯಿತು. ಧಾರೆಯ ಹೊತ್ತಿಗೆ ಬಿದ್ದ ಸೋನೆ, ಚೈತ್ರಳ ಹಣೆಯ ಮೇಲೆ ಕೂತ ಒಂದು ಹನಿ, ಎಲ್ಲ ಕಣ್ಣಿಗೆ ಕಟ್ಟಿದಂತೆ ಬಂತು. ತಾರೀಕೊಂದು ಬರಲಿಲ್ಲ.

ಚೈತ್ರ ಅವನ ಬೆರಳನ್ನೇ ನೋಡುತ್ತಿದ್ದಳು. ರಸ್ತೆಯಲ್ಲಿ ಇನ್ನೊಂದು ಕಾರು ನಿಂತ ಸದ್ದಾಯಿತು.

"ಬೇಗ ಒಡಿಯಪ್ಪ," ಎಂದಳು ಅತ್ತೆ, "ಗೊತ್ತಿರೋದೇ ಅಲ್ವಾ?"